ಒಂದೇ ಅಳತೆಯ ತಪ್ಪು

ಕೋವಿ ಅಂದ ಕೂಡಲೇ ಬೇಟೆಯ ಕಥೆ ಅಂತ ಕಿವಿ ನಿಮಿರಿಸಬೇಡಿ. ಇದರಲ್ಲಿ ಒಂದು ಕಾಗೆ ಕೂಡ ಸಾಯುವುದಿಲ್ಲ. ಗುಂಡು ಹೋಗಿ ತಾಗುವುದು ಒಂದು ಕಾಗದಕ್ಕೆ, ಅದರ ಹಿಂದಿನ ಮಣ್ಣಿನ ದಿಬ್ಬಕ್ಕೆ. ಬೇಜಾರಾದರೆ ಈಗಲೇ ಎದ್ದು ಹೋಗಬಹುದು.

ಕೊಡಗಿನಲ್ಲಿ ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಹೆಂಚು ಹೊದಿಸಿದ ಒಂದೇ ಒಂದು ಕೋಣೆ. ಅಲ್ಲಿ ಪೂಣಚ್ಚ ಅಂತ ಒಬ್ಬ ಗುರುಗಳಿದ್ದರು. ಮಿಲಿಟರಿಯಲ್ಲಿ ಕೋವಿ ರಿಪೇರಿ ಮಾಡುತ್ತಲೇ ತಲೆ ನರೆತವರು.

ಪಂದ್ಯದಲ್ಲಿ ಗುರಿ ಹೊಡೆಯುವ ಕೆಲವರು ಅಂಗಡಿಯ ತೋಟಾ ನಂಬುವುದಿಲ್ಲ. ತಮ್ಮ ರೈಫಲ್ಲಿಗೆ ಒಗ್ಗುವ ಹಾಗೆ ಮದ್ದು ತೂಗಿ, ಗುಂಡು ಕೂರಿಸಿ, ಅದು ಅಲುಗದ ಹಾಗೆ ತೋಟಾದ ಬಾಯಿ ಅದುಮಿ, ತಾವೇ ತುಂಬಿಕೊಳ್ಳುತ್ತಾರೆ. ಗುರುಗಳು ಕಲಿಸುತ್ತಿದ್ದುದು ಆ ವಿದ್ಯೆ.

ಅವರದೊಂದು ಹಟವಿತ್ತು. ಒಂದು ಸಲಕ್ಕೆ ಒಬ್ಬರೇ ಶಿಷ್ಯರು. ಶಿಷ್ಯ ತಾನು ತುಂಬಿದ ಐದು ತೋಟಾಗಳನ್ನು ನೂರು ಹೆಜ್ಜೆಯಿಂದ ಹೊಡೆಯಬೇಕು. ಐದೂ ತೂತು ಒಂದು ಅಡಿಕೆಯ ಕೆಳಗೆ ಮುಚ್ಚಿಹೋದ ದಿನ ಅವನು ಗಂಟುಮೂಟೆ ಕಟ್ಟಬೇಕು. ಮುಂದಿನವರು ಬರಬೇಕು.

ಕುಶಾಲಪ್ಪ ಬಂದು ನಾಲ್ಕು ವರ್ಷವಾಗಿತ್ತು. ವಯಸ್ಸು ನಲವತ್ತರ ಹತ್ತಿರ. ಬೆಳಗಾದರೆ ಹಿತ್ತಾಳೆಯ ಖಾಲಿ ತೋಟಾಗಳನ್ನು ಹುಣಸೆಹುಳಿ ಹಾಕಿ ತೊಳೆಯುತ್ತಿದ್ದ. ಮದ್ದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುತ್ತಿದ್ದ. ಉಸಿರು ತಾಗಿ ತಟ್ಟೆ ಅಲುಗೀತು ಅಂತ ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದ.

ಹೊಳೆಯ ಮಂಜು ಕಿಟಕಿ ದಾಟಿ ಒಳಗೆ ಬಂದು ಅವನ ಮೊಣಕೈ ಪಕ್ಕದಲ್ಲಿ ಕೂತಿರುತ್ತಿತ್ತು. ಆ ಹೊತ್ತಿನಲ್ಲಿ ತಾನು ಎದ್ದಿದ್ದೇನೋ, ಇನ್ನೂ ಕನಸಿನಲ್ಲಿದ್ದೇನೋ ಅವನಿಗೆ ತಿಳಿಯುತ್ತಿರಲಿಲ್ಲ. ಅಷ್ಟು ಸುಖವಾಗಿದ್ದ.

ಆದರೆ ಐದು ತೂತು ಮಾತ್ರ ಒಂದುಗೂಡುತ್ತಿರಲಿಲ್ಲ. ಅಂಗೈಯಗಲ ಚೆದುರುತ್ತಿದ್ದವು.

"ಇವತ್ತೂ ಇಲ್ಲ ಗುರುಗಳೇ. ಮದ್ದು ಬದಲಾಯಿಸಿ ನೋಡಲಾ?"

"ಬೇಡ."

"ಗುಂಡೇ ಸರಿಯಿಲ್ಲವೇನೋ."

ಗುರುಗಳ ಬಳಿಯಿದ್ದುದು ಸೀಸದ ಗುಂಡು, ಮೇಲೆ ತಾಮ್ರದ ಲೇಪ. ಲೇಪ ಅಂದರೆ ಈರುಳ್ಳಿಯ ಹೊರಸಿಪ್ಪೆಯಷ್ಟು ತೆಳುವು. ನಾಜೂಕಿನದು, ಆದರೆ ಕೆಟ್ಟದ್ದಲ್ಲ.

ಹೊಳೆಯಾಚೆಯ ಊರಿಂದ ಚೋಂದಮ್ಮ ಎಂಬ ಹೆಣ್ಣುಮಗಳು ಎರಡು ವರ್ಷದಿಂದ ಪತ್ರ ಬರೆಯುತ್ತಿದ್ದಳು. ಜಾಗ ಖಾಲಿಯಾಯಿತೇ, ನಾನು ಯಾವಾಗ ಬರಲಿ ಅಂತ. ಬರುವ ಬೇಸಿಗೆಯ ಪಂದ್ಯ ತಪ್ಪಿದರೆ ತಂಡದಲ್ಲಿ ತನಗಿನ್ನು ಜಾಗವಿಲ್ಲ ಎಂದು ಕೊನೆಯ ಪತ್ರದಲ್ಲಿತ್ತು.

ಗುರುಗಳು ಅದನ್ನು ಗಟ್ಟಿಯಾಗಿ ಓದಿದರು. ಕುಶಾಲಪ್ಪ ತಲೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಗುರುಗಳು ಅವನು ತುಂಬಿಟ್ಟಿದ್ದ ಹನ್ನೆರಡು ತೋಟಾ ಎತ್ತಿಕೊಂಡರು. ಟೊಳ್ಳು ತಲೆಯ ಒಂದು ಸುತ್ತಿಗೆಯಿತ್ತು. ಅದರೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು ಕಳಚಿಕೊಳ್ಳುತ್ತದೆ. ಕುಟ್ಟಿದರು. ಹನ್ನೆರಡು ಗುಂಡುಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಇಟ್ಟರು.

ಪ್ರತಿ ಗುಂಡಿನ ಸುತ್ತಲೂ ಒಂದು ಗೆರೆ.

"ಇದೇನು ಕುಶಾಲಾ?"

"ತೋಟಾದ ಬಾಯಿ ಬಿಗಿಯಾಗಿದೆ ಗುರುಗಳೇ. ತಾಮ್ರ ಕತ್ತರಿಸಿದೆ."

"ಕತ್ತರಿಸಿದರೆ?"

"ಗುಂಡು ನೆಟ್ಟಗೆ ಹೋಗಲ್ಲ. ಓಲಾಡುತ್ತೆ."

"ಹೊಸಬರು ಯಾಕೆ ಬಿಗಿ ಮಾಡ್ತಾರೆ?"

"ಗುಂಡು ಅಲುಗುತ್ತೆ ಅನ್ನೋ ಭಯಕ್ಕೆ."

"ನೀನು ಹೊಸಬನಾ?"

ಕುಶಾಲಪ್ಪ ಕಿಟಕಿಯ ಕಡೆ ನೋಡಿದ. ಅಲ್ಲಿ ಹೊಳೆಯೇ ಕಾಣುತ್ತಿರಲಿಲ್ಲ, ಬರೀ ಬಿಳುಪು.

ಗುರುಗಳು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟರು.

"ಹೊಸಬನ ಕೈಯಾದರೆ ಒಂದರಲ್ಲಿ ಗೆರೆ ಆಳ, ಒಂದರಲ್ಲಿ ಮೇಲುಮೇಲೆ, ಇನ್ನೊಂದರಲ್ಲಿ ಗೆರೆಯೇ ಇಲ್ಲ. ಇವನ್ನ ನೋಡು ಮಾರಾಯ. ಹನ್ನೆರಡಕ್ಕೂ ಒಂದೇ ಗೆರೆ, ಒಂದೇ ಆಳ. ಇಷ್ಟು ಅಳತೆಗೆ ಸರಿಯಾಗಿ ತಪ್ಪು ಮಾಡೋನಿಗೆ ನಾನು ಕಲಿಸೋದು ಇನ್ನೇನಿದೆ?"

ಕುಶಾಲಪ್ಪನ ಕಿವಿ ಕೆಂಪಾಯಿತು. ಕನ್ನಡಿಯನ್ನು ಬಾಳೆಲೆಯ ಪಕ್ಕಕ್ಕಿಟ್ಟ.

"ಹೋದ ಚಳಿಗಾಲದಲ್ಲಿ ನೀವು ಸಂತೆಗೆ ಹೋಗಿದ್ರಿ. ಅವತ್ತು ಐದೂ ಒಂದೇ ಕಡೆ ಬಿದ್ದವು."

"ಕಾಗದ ಎಲ್ಲಿ?"

"ಒಲೆಗೆ ಹಾಕಿದೆ."

"ಅವತ್ತಿಂದ ಬಿಗಿ ಮಾಡ್ತಿದ್ದೀಯ."

"ಹೂಂ."

"ಯಾಕೆ?"

"ಇಲ್ಲಿ ತಪ್ಪಾದ್ರೆ ಹಿಡಿದು ತೋರಿಸೋಕೆ ನೀವಿದ್ದೀರಿ. ಊರಿಗೆ ಹೋದ್ರೆ ಯಾರಿದ್ದಾರೆ ಗುರುಗಳೇ? ನನಗೆ ಭಯ. ಇಲ್ಲಿಂದ ಹೋಗೋಕೆ ಮನಸ್ಸಿಲ್ಲ."

ಹೇಳಿದವನು ಅತ್ತುಬಿಟ್ಟ. ನಲವತ್ತರ ಗಂಡಸು, ಮೂಗೊರೆಸಿಕೊಳ್ಳಲು ವಸ್ತ್ರ ಕೂಡ ಸಿಗದೆ ತೋಳಿಗೇ ಒರೆಸಿಕೊಂಡ.

ಗುರುಗಳು ಐದು ಖಾಲಿ ತೋಟಾ ಮುಂದಿಟ್ಟರು.

"ತುಂಬು."

ಅವನು ತುಂಬಿದ. ಮದ್ದು ತೂಗಿದ, ಗುಂಡು ಕೂರಿಸಿದ. ತೋಟಾದ ಬಾಯಿ ಗುಂಡಿಗೆ ತಾಗಿತೋ ಇಲ್ಲವೋ ಅನ್ನುವಷ್ಟೇ ಮುಚ್ಚಿದ.

ಇಬ್ಬರೂ ಹೊರಗೆ ಬಂದರು. ಮಂಜು ಅರ್ಧ ಸರಿದಿತ್ತು. ನೂರು ಹೆಜ್ಜೆ ಆಚೆ ಕಾಗದ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಕಂಡಾಗಲೆಲ್ಲ ಕುಶಾಲಪ್ಪ ಹೊಡೆದ. ಪ್ರತಿ ಸದ್ದೂ ಎದುರು ಗುಡ್ಡಕ್ಕೆ ಹೋಗಿ, ನಿಧಾನವಾಗಿ, ಮೆತ್ತಗಾಗಿ ತಿರುಗಿ ಬಂತು. ಹೊಗೆ ಯಾವುದು ಮಂಜು ಯಾವುದು ಅಂತ ಗೊತ್ತಾಗಲಿಲ್ಲ.

ಐದಾದ ಮೇಲೆ ಗುರುಗಳು ಕೋವಿ ಇಸಿದುಕೊಂಡು, ಒಳಗೆ ಖಾಲಿಯಿದೆಯೇ ಅಂತ ನೋಡಿ, ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕಾಗದದ ಹತ್ತಿರ ನಡೆದರು. ಎಲೆಯಡಿಕೆ ಚೀಲದಿಂದ ಒಂದು ಅಡಿಕೆ ತೆಗೆದು ತೂತುಗಳ ಮೇಲೆ ಒತ್ತಿ ಹಿಡಿದರು.

ಒಂದೂ ಕಾಣಲಿಲ್ಲ.

"ಇನ್ನೊಂದು ಸಲ ಅಳೆದು ನೋಡಿ ಗುರುಗಳೇ," ಅಂದ ಕುಶಾಲಪ್ಪ. ಆಸೆ ನೋಡಿ ಅವನದು.

ಗುರುಗಳು ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಅಗಿದರು.

"ಹೋಗಿ ಚೋಂದಮ್ಮನಿಗೆ ಪತ್ರ ಬರಿ. ಬರಲಿ ಅವಳು."

ಪತ್ರವನ್ನು ಅವನೇ ಬರೆದ. ತಡವಾಗಿದ್ದು ನನ್ನಿಂದ, ತಪ್ಪಾಯಿತು ಅಂತಲೂ ಬರೆದ.

ನಾಲ್ಕನೇ ದಿನ ದೋಣಿ ಬಂತು. ಚೋಂದಮ್ಮ ತನ್ನ ಟ್ರಂಕು ಇಳಿಸಿಕೊಂಡಳು. ಕುಶಾಲಪ್ಪನ ಮುಖ ಒಂದು ಗಳಿಗೆ ನೋಡಿ, ಬೈಯಬೇಕು ಅಂದುಕೊಂಡು ಬಂದಿದ್ದನ್ನು ನುಂಗಿಕೊಂಡು, ಕೋಣೆಯ ಕಡೆ ನಡೆದಳು.

ಅವನು ಗುರುಗಳ ಕಾಲು ಮುಟ್ಟಿ ದೋಣಿ ಹತ್ತಿದ. ಅಂಬಿಗ ಹುಟ್ಟು ಎತ್ತಿದ.

"ಗುರುಗಳೇ, ನಾನು ಬೇಕಂತಲೇ ಕೆಡಿಸ್ತಿದ್ದೀನಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಯುಗಾದಿಗಿಂತ ಮುಂಚೆ."

ಈಗ ದೀಪಾವಳಿಗೆ ವಾರವಷ್ಟೇ ಇತ್ತು. ಕುಶಾಲಪ್ಪ ಬೆರಳು ಮಡಚಿ ತಿಂಗಳು ಎಣಿಸಿದ. ದೋಣಿ ದಂಡೆ ಬಿಟ್ಟಿತ್ತು. ಗುರುಗಳು ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದರು.

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಬೆಳಗ್ಗೆ ಕಣ್ಣು ಬಿಡೋ ಹೊತ್ತಿಗೆ ನೀನು ಹಿತ್ತಾಳೆ ತೊಳೆಯೋ ಸದ್ದು ಕೇಳ್ತಿತ್ತು, ಅದು ನಿಂತುಹೋಗುತ್ತಲ್ಲ ಅಂತ ನನಗೂ ಭಯವಾಯ್ತು. ನಿನ್ನ ತಪ್ಪು ಹಿಡಿಯೋಕೆ ನಾನಿದ್ದೆ. ನನ್ನದನ್ನ ಹಿಡಿಯೋಕೆ ಇಲ್ಲಿ ಯಾರಿದ್ದರು, ಕುಶಾಲಾ?"