ಎಮ್ಮೆಯ ಬೆನ್ನು

ಬೆಟ್ಟಗಳಿಗೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ ಅದು. ಹೊಳೆಗಳು ತಮ್ಮ ದಾರಿ ಯಾವುದೆಂದು ಹುಡುಕುತ್ತ ಅಡ್ಡಾಡುತ್ತಿದ್ದವು. ಗಾಳಿಗೆ ಇನ್ನೂ ಎಲ್ಲರ ಹೆಸರು ಬಾಯಿಗೆ ಬಂದಿರಲಿಲ್ಲ.

ಪ್ರಾಣಿಗಳ ಚರ್ಮವೂ ಹೊಸದು. ಅದು ಚಳಿಗೆ ಬಿಗಿಯುತ್ತಿತ್ತು, ಬಿಸಿಲಿಗೆ ಬಿರಿಯುತ್ತಿತ್ತು. ಅದನ್ನು ಹದವಾಗಿ ಇಟ್ಟುಕೊಳ್ಳುವುದು ಹೇಗೆಂದು ತಿಳಿದಿದ್ದವಳು ಒಬ್ಬಳೇ. ಅವಳು ಎಮ್ಮೆ.

ಹೊಳೆಯ ದಂಡೆಯಲ್ಲಿ ಅವಳದೊಂದು ಗಾಣವಿತ್ತು. ಅದಕ್ಕೆ ಎಳ್ಳು ಹಾಕಿ, ತಾನೇ ಸುತ್ತಿ ಸುತ್ತಿ ಎಣ್ಣೆ ತೆಗೆಯುತ್ತಿದ್ದಳು. ಎಣ್ಣೆಯ ಮಡಕೆಯನ್ನು ಕಾದ ಬಂಡೆಯ ಮೇಲಿಟ್ಟು, ಉಗುರುಬೆಚ್ಚಗಾದ ಮೇಲೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಅಗಲವಾದ ನಾಲಿಗೆಯೇ ಅವಳ ಅಂಗೈ.

“ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದಿದ್ದೀಯಲ್ಲೇ. ಹೋಗು, ಅರಗಿದ ಮೇಲೆ ಬಾ” ಎಂದು ಬೆಕ್ಕನ್ನು ಗದರುತ್ತಿದ್ದಳು.

“ಕಾಲು ನೀಡಪ್ಪ. ಮೂಳೆಯ ಮೇಲೆ ಉದ್ದಕ್ಕೆ ನೀವಬೇಕು, ಕೀಲಿನ ಮೇಲೆ ಸುತ್ತಲೂ. ಎಲ್ಲ ಕಡೆಗೂ ಒಂದೇ ಥರ ಉಜ್ಜಿದರೆ ನೋವು ಹೋಗಲ್ಲ, ಬರುತ್ತೆ” ಎಂದು ಕುದುರೆಗೆ ಹೇಳುತ್ತಿದ್ದಳು.

“ಆತುರ ಬೇಡ ತಂಗಿ. ಎಣ್ಣೆ ಮೈಗೆ ಇಳಿಯಲಿ. ಆಮೇಲೆ ನೀನು ನೀರಿಗೆ ಇಳಿ” ಎಂದು ಹಸುವನ್ನು ಕೂರಿಸುತ್ತಿದ್ದಳು.

ಎಣ್ಣೆ ಇಳಿದ ಮೇಲೆ ಎಲ್ಲರೂ ಸೀಗೆಕಾಯಿ ಉಜ್ಜಿಕೊಂಡು ಹೊಳೆಯಲ್ಲಿ ಮುಳುಗಿ ಏಳುತ್ತಿದ್ದರು. ಮೈ ಮಿರಮಿರ ಮಿಂಚುತ್ತಿತ್ತು.

ಆಗ ಒಂದು ಕಟ್ಟುಪಾಡಿತ್ತು. ಎಣ್ಣೆಸ್ನಾನ ಮುಗಿಸಿದವರು ಆ ದಿನ ಮತ್ತೆ ಎಣ್ಣೆ ಮುಟ್ಟುವಂತಿಲ್ಲ.

ಎಮ್ಮೆಗೆ ತನ್ನ ಕಾಲು ಎಟುಕುತ್ತಿತ್ತು, ಪಕ್ಕೆ ಎಟುಕುತ್ತಿತ್ತು. ಬೆನ್ನು ಎಟುಕುತ್ತಿರಲಿಲ್ಲ. ಬೆನ್ನಿಗೆ ಇನ್ನೊಬ್ಬರು ಬೇಕು.

“ಇನ್ನು ನನ್ನ ಬೆನ್ನಿಗೆ ಯಾರಾದರೂ ಹಚ್ಚಿ” ಎಂದು ಅವಳು ಕೊನೆಗೆ ಕೇಳುತ್ತಿದ್ದಳು.

“ಅಯ್ಯೋ ಎಮ್ಮಕ್ಕ, ನಂದು ಸ್ನಾನ ಆಗಿಹೋಯ್ತಲ್ಲ. ಎಣ್ಣೆ ಮುಟ್ಟೋ ಹಾಗಿಲ್ಲ. ಮುಂದಿನ ಸಲ ಮೊದಲು ನಿನಗೇ” ಎನ್ನುತ್ತಿತ್ತು ಹಸು.

ಮುಂದಿನ ಸಲವೂ ಎಲ್ಲರ ಸ್ನಾನ ಮೊದಲು ಆಗುತ್ತಿತ್ತು. ಮುಂದಿನ ಸಲವೂ ಎಮ್ಮೆಯ ಬೆನ್ನು ಒಣಗಿಯೇ ಇರುತ್ತಿತ್ತು. ಆಗಲಿ, ಮುಂದಿನ ಸಲ ಎಂದುಕೊಂಡು ಅವಳು ಖಾಲಿ ಮಡಕೆ ತೊಳೆದಿಡುತ್ತಿದ್ದಳು.

ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಬಂತು.

ಎಮ್ಮೆಯ ಮೈಮೇಲೆ ಕೂದಲು ಕಡಿಮೆ. ಎಲ್ಲರಿಗೂ ಕೂದಲು ಹಂಚುತ್ತಿದ್ದ ದಿನ ಅವಳು ಗಾಣ ಸುತ್ತುತ್ತಿದ್ದಳು. ಹೋಗುವಷ್ಟರಲ್ಲಿ ಉಳಿದಿದ್ದೇ ಅಷ್ಟು. ಬಿಸಿಲು ನೇರವಾಗಿ ಚರ್ಮಕ್ಕೇ ಬೀಳುತ್ತಿತ್ತು. ಬೆನ್ನು ಮೊದಲು ಸುಕ್ಕಾಯಿತು. ಆಮೇಲೆ ಒಡೆಯಿತು. ಒಡೆದ ಕಡೆ ರಕ್ತ ಜಿನುಗಿತು. ರಕ್ತಕ್ಕೆ ನೊಣ ಮುತ್ತಿದವು.

“ಸೂರ್ಯಪ್ಪ, ಸ್ವಲ್ಪ ಆ ಕಡೆ ತಿರುಗಬಾರದೇನೋ?” ಎಂದು ಕೇಳಿದಳು.

“ನಾನು ಮುಖ ನೋಡಿ ಸುಡೋದಿಲ್ಲಮ್ಮ. ಬೆನ್ನಿಗೆ ಏನಾದರೂ ಹಚ್ಚಿಕೋ. ಇನ್ನೊಂದು ವಾರ ಹೀಗೇ ಬಿಟ್ಟರೆ ಹುಣ್ಣಾಗಿ ಹುಳ ಬೀಳುತ್ತೆ” ಎಂದ ಸೂರ್ಯ.

ಎಮ್ಮೆಗೆ ಹೆದರಿಕೆಯಾಯಿತು. ಮುಂದಿನ ಎಣ್ಣೆಸ್ನಾನದ ದಿನ ಬೆಳಿಗ್ಗೆಯೇ ಎಲ್ಲರ ಎದುರು ನಿಂತು ಹೇಳಿದಳು: “ಇವತ್ತು ಮೊದಲು ನನ್ನ ಬೆನ್ನು. ಆಮೇಲೆ ನಿಮ್ಮದು.”

ಕುದುರೆ ನಕ್ಕಿತು. “ನೀನೇ ಮೊದಲು ಕೂತುಬಿಟ್ಟರೆ ನಮಗೆ ಹಚ್ಚೋರು ಯಾರು? ಎಣ್ಣೆ ಆರಿ ತಣ್ಣಗಾಗಲ್ವಾ?”

“ಬೇಗ ಬೇಗ ನಮ್ಮದು ಮುಗಿಸಿಬಿಡು ಎಮ್ಮಕ್ಕ” ಎಂದಿತು ಬೆಕ್ಕು. “ನಿನ್ನ ಬೆನ್ನು ಆಗೋ ತನಕ ನಾವ್ಯಾರೂ ನೀರು ಮುಟ್ಟಲ್ಲ.”

“ಮಾತು ಕೊಡಿ.”

“ಕೊಟ್ಟೆವು” ಎಂದರು ಮೂವರೂ.

ಎಮ್ಮೆ ನಂಬಿದಳು. ಬೆನ್ನಿನ ಉರಿ ನುಂಗಿಕೊಂಡು ಕುದುರೆಯ ಕಾಲು ನೀವಿದಳು, ಕೀಲು ಕೀಲಿಗೂ ಸುತ್ತಲೂ ಹಚ್ಚಿದಳು. ಬೆಕ್ಕಿನ ಬಾಲದ ತುದಿಯವರೆಗೂ ಹಚ್ಚಿದಳು. ಕೊನೆಗೆ ಹಸುವಿನ ಕುತ್ತಿಗೆಗೆ, ಕೊಂಬಿನ ಬುಡಕ್ಕೆ, ಬೆನ್ನಿಗೆ ಹಚ್ಚಿದಳು. ಮಡಕೆಯ ತಳದಲ್ಲಿ ತನಗೆಂದು ಒಂದಿಷ್ಟು ಉಳಿಸಿಕೊಂಡಳು.

“ಆಯ್ತು, ಈಗ ನನಗೆ” ಎಂದು ತಿರುಗಿದಳು.

ಕುದುರೆ ಹೊಳೆಯ ನಡುವೆ ನಿಂತು ಮೈ ಒದರುತ್ತಿತ್ತು. “ಏನು ಮಾಡಲಿ, ಕಡಿತ ತಡೆಯೋಕೆ ಆಗಲಿಲ್ಲ. ಬೆಕ್ಕು ಇದೆಯಲ್ಲ, ಅದು ಹಚ್ಚುತ್ತೆ” ಎಂದಿತು.

ನೀರು ಕಂಡರಾಗದ ಬೆಕ್ಕು ಕೂಡ ದಂಡೆಯಲ್ಲಿ ಕೂತು ಒಂದೇ ಒಂದು ಪಾದ ಅದ್ದಿಕೊಂಡಿತ್ತು. “ನಂದೂ ಸ್ನಾನ ಆಯ್ತು!” ಎಂದಿತು. “ಹಸು ಇದೆಯಲ್ಲ.”

ಹಸು? ಎಮ್ಮೆ ತಿರುಗಿ ನೋಡುವಷ್ಟರಲ್ಲಿ ಬಳುಂಕ್ ಎಂದು ಸದ್ದಾಯಿತು. ಹಸು ಮುಳುಗಿ ಎದ್ದು ಕಣ್ಣು ಪಿಳಿಪಿಳಿ ಬಿಟ್ಟಿತು. “ಅವರಿಬ್ಬರೂ ಇಳಿದರಲ್ಲ, ನಾನೊಬ್ಬಳೇ ಯಾಕೆ ಅಂತ...”

“ಅಲ್ಲದೆ, ನಿನ್ನದು ದಪ್ಪ ಚರ್ಮ” ಎಂದಿತು ಕುದುರೆ. “ನಿನಗೇನು ಗೊತ್ತಾಗುತ್ತೆ?”

ಗಾಳಿ ನಿಂತಿತು. ಹೊಳೆ ಕೂಡ ಹರಿಯುವುದನ್ನು ಬಿಟ್ಟು ಕಿವಿಗೊಟ್ಟಿತು.

“ಗೊತ್ತಾಗುತ್ತೆ” ಎಂದಳು ಎಮ್ಮೆ. “ಒಡೆದಾಗ ಗೊತ್ತಾಗುತ್ತೆ. ನೊಣ ಕೂತಾಗ ಗೊತ್ತಾಗುತ್ತೆ. ನಿಮ್ಮ ಮೈಯಲ್ಲಿ ಎಲ್ಲಿ ನೋವಿದೆ ಅಂತ ನೀವು ಹೇಳೋ ಮೊದಲೇ ನನಗೆ ಗೊತ್ತಾಗುತ್ತೆ. ನನ್ನ ಬೆನ್ನು ನಿಮ್ಮ ಕಣ್ಣ ಮುಂದೆ ರಕ್ತ ಸುರಿಸಿದರೂ ನಿಮಗೆ ಗೊತ್ತಾಗಲ್ಲ. ದಪ್ಪ ಚರ್ಮ ಯಾರದು?”

ಕೊಂಬಿನಿಂದ ಮಡಕೆಗೆ ಗುದ್ದಿದಳು. ಮಡಕೆ ಒಡೆಯಿತು. ಎಣ್ಣೆ ಮರಳಿಗೆ ಇಂಗಿತು. ಗಾಣಕ್ಕೆ ಹಣೆ ಕೊಟ್ಟು ನೂಕಿದಳು. ಅದು ಉರುಳಿ ಹೊಳೆಗೆ ಬಿತ್ತು.

“ಇಷ್ಟಕ್ಕೆಲ್ಲ ಇಷ್ಟೊಂದು ಕೋಪವಾ ಅಕ್ಕ?” ಎಂದಿತು ಹಸು.

“ಇಷ್ಟಕ್ಕೇ. ಇವತ್ತಿನಿಂದ ನಿಮ್ಮ ನಿಮ್ಮ ಬೆನ್ನು ನಿಮ್ಮ ನಿಮ್ಮದು.”

ಹೀಗೆಂದು ಎಮ್ಮೆ ದಂಡೆ ಹಿಡಿದು ನಡೆದುಬಿಟ್ಟಳು. ಉರಿ ಬೆನ್ನಿನಲ್ಲೂ ಇತ್ತು, ಎದೆಯಲ್ಲೂ ಇತ್ತು. ಹೊಳೆಗೆ ಇಳಿದು ನೋಡಿದಳು. ನೀರು ತಂಪಾಗಿತ್ತು, ಆದರೆ ಮೇಲೆ ಬಂದ ಕೂಡಲೇ ಜಾರಿ ಹೋಯಿತು. ಬಿಸಿಲು ಮತ್ತೆ ಸುಟ್ಟಿತು.

ಹೊಳೆಯ ತಿರುವಿನಲ್ಲಿ, ಯಾರೂ ಕಾಲಿಡದ ಒಂದು ಮೂಲೆಯಲ್ಲಿ ಕೆಸರು ಬಿದ್ದುಕೊಂಡಿತ್ತು.

“ಯಾಕಮ್ಮ, ಬೆನ್ನು ಹೀಗಾಗಿದೆ?” ಎಂದಿತು ಕೆಸರು.

“ನಿನಗ್ಯಾಕೆ? ನಿಂದೂ ಸ್ನಾನ ಆಗಿದೆಯಾ?” ಎಂದು ಎಮ್ಮೆ ಹರಿಹಾಯ್ದಳು.

“ನಂದಾ? ನಾನು ಹುಟ್ಟಿದ ಮೇಲೆ ಸ್ನಾನ ಮಾಡಿದ್ದೇ ಇಲ್ಲ. ನನಗೆ ಮುಟ್ಟಬಾರದು ಅನ್ನೋದು ಯಾವುದೂ ಇಲ್ಲ. ಬಾ, ಮಲಗು.”

ಎಮ್ಮೆ ಅನುಮಾನದಿಂದಲೇ ಕಾಲಿಟ್ಟಳು. ಕೆಸರು ಜಾಗ ಬಿಟ್ಟುಕೊಟ್ಟಿತು. ಅವಳು ಮಲಗಿದಳು, ಹೊರಳಿದಳು. ಕೆಸರು ಒತ್ತಿತು, ನೀವಿತು, ಒಡೆದ ಸಂದು ಸಂದಿಗೂ ಇಳಿಯಿತು. ಯಾರಿಗೂ ಎಟುಕದ ಬೆನ್ನು ಅದಕ್ಕೆ ಎಟುಕಿತು. ನೊಣಗಳು ಕೂರಲು ಜಾಗ ಸಿಗದೆ ಗುಂಯ್‌ಗುಟ್ಟಿ ಹಾರಿಹೋದವು. ಸೂರ್ಯ ಹುಡುಕಿದ. ಅವನಿಗೆ ಚರ್ಮ ಸಿಗಲಿಲ್ಲ, ಮಣ್ಣು ಮಾತ್ರ ಸಿಕ್ಕಿತು.

“ಮೇಲೆ ಹೋದಾಗ ನನ್ನನ್ನು ಕೆರೆದುಹಾಕಬೇಡ. ಬೆನ್ನ ಮೇಲೇ ಒಣಗಲಿ” ಎಂದಿತು ಕೆಸರು.

ಅಂದು ಎಮ್ಮೆ ಕಣ್ಣು ಮುಚ್ಚಿದಳು. ಬೇಸಿಗೆ ಶುರುವಾದ ಮೇಲೆ ಅವಳಿಗೆ ನಿದ್ದೆ ಬಂದದ್ದು ಅದೇ ಮೊದಲು.

ದಿನ ಕಳೆಯಿತು. ಅತ್ತ ಆ ಮೂವರ ಚರ್ಮ ಒಣಗತೊಡಗಿತು. ಕುದುರೆ ನೆಲಕ್ಕೆ ಬಿದ್ದು ಬೆನ್ನು ಹೊರಳಿಸಿ ನೋಡಿತು. ಹಸು ಮರಕ್ಕೆ ಮೈ ತಿಕ್ಕಿ ನೋಡಿತು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ನೆಕ್ಕಿ ಸಾಕಾಯಿತು. ಮೂವರೂ ಕೆಸರಿನ ಅಂಚಿಗೆ ಬಂದು ನಿಂತರು.

“ಎಮ್ಮಕ್ಕ, ತಪ್ಪಾಯ್ತು, ಬಾ” ಎಂದು ಹಸು ಕರೆಯಿತು.

“ಹೊಸ ಗಾಣ ನಾನೇ ಹೂಡಿಕೊಡ್ತೀನಿ” ಎಂದಿತು ಕುದುರೆ.

“ಈ ಸಲ ನಿಜವಾಗಲೂ ಮೊದಲು ನಿನಗೇ” ಎಂದಿತು ಬೆಕ್ಕು.

ಎಮ್ಮೆ ಒಂದು ಕಣ್ಣು ತೆರೆದು ಮೂವರನ್ನೂ ನೋಡಿದಳು. ಮತ್ತೆ ಮುಚ್ಚಿದಳು. ಮೂಗಿನವರೆಗೂ ಕೆಸರಿಗೆ ಇಳಿದಳು. ಅವರು ಕರೆಯುತ್ತಲೇ ಇದ್ದರು.

ಮಗು, ಬೇಸಿಗೆಯ ಮಧ್ಯಾಹ್ನ ಕೆರೆಯ ಕಡೆ ಹೋದರೆ ನೋಡು: ಎಮ್ಮೆ ಕೆಸರಿನಲ್ಲಿ ಮಲಗಿರುತ್ತಾಳೆ, ದಂಡೆಯ ಮೇಲೆ ನಿಂತವರು ಗಂಟಲು ಹರಿಯುವಂತೆ ಕೂಗಿದರೂ ಏಳುವುದಿಲ್ಲ, ಅವಳಿಗೆ ಕಿವಿ ಮಂದ ಎಂದುಕೊಳ್ಳಬೇಡ, ಎಲ್ಲ ಕೇಳಿಸುತ್ತದೆ.