ತೇನೆಹಕ್ಕಿಯ ರ‍್ಯಾಪ್

ಕೆರೆಯಂಗಳದ ಬರಿನೆಲದಲ್ಲಿ ತೇನೆಹಕ್ಕಿಯೊಂದು ನಾಲ್ಕು ಮೊಟ್ಟೆ ಇಟ್ಟಿತು. ತೇನೆಹಕ್ಕಿ ಗೂಡು ಕಟ್ಟುವುದಿಲ್ಲ, ಅದರ ಮೊಟ್ಟೆಗೂ ನೆಲದ ಕಲ್ಲಿಗೂ ವ್ಯತ್ಯಾಸ ಕಾಣುವುದಿಲ್ಲ. ಮೇಯಲು ಬರುವ ಎಮ್ಮೆಗಳು ಕೇಳಲೆಂದು ಅದು ಒಂದು ರ‍್ಯಾಪ್ ಕಟ್ಟಿ ಹಾಡಿತು: “ನಿಲ್ಲು, ನಿಲ್ಲು! ಇದು ಕಲ್ಲಲ್ಲ, ಮೊಟ್ಟೆ! ಕಾಲಿಟ್ಟೆಯೋ, ಕೆಟ್ಟೆ!”

ಹಾಡು ಕೆರೆಗೆಲ್ಲ ಹಿಟ್ ಆಯಿತು. ಮೈನಾ ಶಿಳ್ಳೆ ಸೇರಿಸಿ ರೀಮಿಕ್ಸ್ ಮಾಡಿತು. ಮೊಟ್ಟೆಯ ಮಾತು ಹೋಯಿತು. ಕಪ್ಪೆ ತನ್ನ ವಟರುವಿನ ಬೇಸ್ ಹಾಕಿ ಇನ್ನೊಂದು ರೀಮಿಕ್ಸ್ ಮಾಡಿತು. “ನಿಲ್ಲು, ನಿಲ್ಲು” ಅಷ್ಟೇ ಉಳಿಯಿತು. ಎಮ್ಮೆಗಳು ಅದಕ್ಕೆ ಕುಣಿಯುತ್ತಲೇ ಮೇಯತೊಡಗಿದವು.

“ಬಿಟ್ಟ ಮಾತನ್ನು ವಾಪಸ್ ಹಾಕು,” ಎಂದು ಮೈನಾಗೆ ಹೇಳಿತು ತೇನೆಹಕ್ಕಿ.

“ಮಾತಿದ್ದರೆ ಯಾರು ಕುಣಿಯುತ್ತಾರಕ್ಕ?” ಎಂದಿತು ಮೈನಾ. “ಎಲ್ಲರ ಬಾಯಲ್ಲೂ ನಿನ್ನದೇ ಹಾಡು. ಹಿಗ್ಗು.”

“ನಾನು ಹಿಗ್ಗಲು ಹಾಡಿದ್ದಲ್ಲ.”

ಮರುದಿನ ಎಮ್ಮೆಗಳ ಮಂದೆ ಕಪ್ಪೆಯ ರೀಮಿಕ್ಸ್ ಹಾಡುತ್ತ ನೇರ ಮೊಟ್ಟೆಗಳ ಕಡೆಗೇ ಬಂತು. ತೇನೆಹಕ್ಕಿ ಎದುರಿಗೆ ಓಡಿ ತನ್ನ ಹಾಡು ಹಾಡಿತು.

“ಅದು ಹಳೆಯದಾಯಿತು, ಬಿಡಮ್ಮ,” ಎಂದು ಮುಂದಾಳು ಎಮ್ಮೆ ತಲೆ ಆಡಿಸುತ್ತ ಬಂತು.

ತೇನೆಹಕ್ಕಿ ಹಾಡು ನಿಲ್ಲಿಸಿತು. ಎತ್ತಿದ ಗೊರಸಿನ ಕೆಳಗೆ ರೆಕ್ಕೆ ಬಿಚ್ಚಿ ನಿಂತು, ತಾಳವಿಲ್ಲದೆ ಹೇಳಿತು: “ನನ್ನ ಹಿಂದೆ ನನ್ನ ಮಕ್ಕಳಿದ್ದಾರೆ. ಮೊದಲು ನನ್ನನ್ನು ತುಳಿ.”

ಎಮ್ಮೆ ಗೊರಸನ್ನು ಮೆಲ್ಲಗೆ ಹಿಂದಕ್ಕಿಟ್ಟಿತು.

“ಅಯ್ಯೋ, ಆ ಹಾಡು ಇದಕ್ಕಾ?” ಎಂದಿತು. “ನಾವು ಮೂರು ದಿನದಿಂದ ಕುಣಿಯುತ್ತಿದ್ದೇವೆ.”

ಮಂದೆ ಮೊಟ್ಟೆಗಳನ್ನು ಬಿಟ್ಟು ಬಳಸಿಕೊಂಡು ಹೋಯಿತು.