ಬಳೆ ತೊಟ್ಟ ಶಾಫ್ಟ್

ಹಿಮದ ಮೇಲೆ ಓಡುವ ಗಾಡಿಯೊಂದರಲ್ಲಿ ಟೊಳ್ಳು ಶಾಫ್ಟ್ ಇತ್ತು. ಶಾಫ್ಟ್ ಎಂದರೆ ಗಾಡಿಯಡಿ ಚಕ್ರಗಳ ಬದಲು ಇರುವ ಪಟ್ಟಿಯನ್ನು ತಿರುಗಿಸುವ ದಂಡ. ಅದು ಮುರಿದರೆ ಗಾಡಿ ಮುಂದೆ ಹೋಗದು. ಅದಕ್ಕೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನಾಳೆ ಕಂದಕದ ಪಕ್ಕದ ಏರಿನಲ್ಲಿ ಎಲ್ಲಿ ಮುರಿಯುತ್ತೇನೋ ಎಂದು ಅದು ನಡುಗುತ್ತಿತ್ತು.

ಗಾಡಿಯ ರಿಪೇರಿ ಪೆಟ್ಟಿಗೆಯಲ್ಲಿದ್ದ ಉಕ್ಕಿನ ಸರಳು ಹೇಳಿತು: "ಅಣ್ಣಾ, ನನ್ನನ್ನು ನಿನ್ನೊಳಗೆ ಬಡಿದು ಕೂರಿಸಬೇಕು. ನೋವಾಗುತ್ತದೆ, ಆದರೆ ನಿನ್ನ ಭಾರವನ್ನು ನಾನೂ ಹೊರುತ್ತೇನೆ."

"ಸುತ್ತಿಗೆಯೇ? ಬೇಡಪ್ಪಾ, ಬೇಡ!"

ಅದೇ ಪೆಟ್ಟಿಗೆಯಲ್ಲಿದ್ದ ತೆಳುವಾದ ತಗಡಿನ ಬಳೆ ನಕ್ಕಿತು. "ನನ್ನನ್ನು ಸುಮ್ಮನೆ ತೊಟ್ಟುಕೋ ಅಣ್ಣಾ. ಬಿರುಕು ಯಾರಿಗೂ ಕಾಣದು."

ಶಾಫ್ಟ್ ಬಳೆಯನ್ನೇ ತೊಟ್ಟಿತು.

ಮರುದಿನ ಏರಿನ ನಡುವೆ, ಬಳೆಯ ಒಳಗೇ ಅದು ಎರಡು ತುಂಡಾಯಿತು. ಗಾಡಿ ಕಂದಕದತ್ತ ಹಿಂದಕ್ಕೆ ಜಾರತೊಡಗಿತು.

"ಕಾಪಾಡುತ್ತೇನೆ ಎಂದಿದ್ದೆಯಲ್ಲ!" ಎಂದು ಶಾಫ್ಟ್ ಚೀರಿತು.

"ಇಲ್ಲಣ್ಣಾ, ಕಾಣದು ಎಂದಿದ್ದೆ," ಎಂದಿತು ಬಳೆ. "ನೋಡು, ಈಗಲೂ ಕಾಣುತ್ತಿಲ್ಲ."